ಕಾಗಿಣಾ ತೀರದ ಪಟ್ಟ, ಪರದೇಶದ ವಾರ್ತೆ

ಕ್ರಿ.ಶ. 851ರ ಸುಮಾರಿಗೆ ಅರಬ್ ವರ್ತಕರ ಸಮುದ್ರಯಾನದ ಅನುಭವಗಳು ಒಂದು ಗ್ರಂಥದ ರೂಪ ತಾಳಿದವು. ಸುಲೈಮಾನನೆಂಬ ವ್ಯಾಪಾರಿಯ ಹೆಸರಿನಲ್ಲಿ ಪ್ರಸಿದ್ಧವಾದ ಆ ವೃತ್ತಾಂತ ಭೂಮಂಡಲದ ಮಹಾರಾಜರು ನಾಲ್ವರೆಂದು ಎಣಿಸಿತು. ಬಾಗ್ದಾದಿನ ಖಲೀಫನು ಮೊದಲನೆಯವನು, ಚೀನದ ಚಕ್ರವರ್ತಿ ಎರಡನೆಯವನು, ಕಾನ್‌ಸ್ಟಾಂಟಿನೋಪಲಿನ ಸಾಮ್ರಾಟ ಮೂರನೆಯವನು; ನಾಲ್ಕನೆಯವನು ಬಲ್ಹರಾ. ವಲ್ಲಭರಾಜನೆಂಬ ಬಿರುದು ಅರಬರ ನಾಲಗೆಯಲ್ಲಿ ತಾಳಿದ ರೂಪವದು. ಆ ಬಲ್ಹರಾ ಬೇರಾರೂ ಅಲ್ಲ, ನಮ್ಮ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟವು ಇಂದಿನ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ, ಮಳಖೇಡವೆಂಬ ಗ್ರಾಮವಾಗಿ ನಿಂತಿದೆ. ಕೋಟೆಯ ಬುರುಜುಗಳೂ ನೇಮಿನಾಥ ಬಸದಿಯೂ ಜಯತೀರ್ಥರ ಬೃಂದಾವನವೂ ಇರುವ ಆ ಊರನ್ನು ದಾಟಿ ಹೋಗುವ ಬಸ್ಸುಗಳಲ್ಲಿ ಕುಳಿತವರಿಗೆ, ಒಂದು ಕಾಲದಲ್ಲಿ ಬಾಗ್ದಾದ್ ಮತ್ತು ಚೀನಗಳ ಸರಿಸಾಲಿನಲ್ಲಿ ಈ ಊರಿನ ದೊರೆಯ ಹೆಸರನ್ನು ಪರದೇಶದವರು ಉಚ್ಚರಿಸುತ್ತಿದ್ದರೆಂಬುದನ್ನು ಮತ್ತೆ ಹೇಳಬೇಕಾಗಿಲ್ಲ. ಆದರೆ ಆ ಪರದೇಶದ ಕಣ್ಣು ನಮ್ಮ ಪಟ್ಟವನ್ನು ಹೇಗೆ ಕಂಡಿತು, ಏನನ್ನು ಕಾಣದೆ ಹೋಯಿತು ಎಂಬುದು ವಿಚಾರಕ್ಕೆ ಯೋಗ್ಯವಾದದ್ದು. ಏಕೆಂದರೆ ಅಂದು ಆರಂಭವಾದ ಆ ನೋಟ ಸಹಸ್ರ ವರ್ಷಗಳ ಅನಂತರವೂ, ರಾಜರು ಹೋಗಿ ರಾಷ್ಟ್ರಪತಿಗಳು ಬಂದ ಮೇಲೂ, ತನ್ನ ರೀತಿಯನ್ನು ಹೆಚ್ಚೇನೂ ಬದಲಿಸಿಕೊಳ್ಳಲಿಲ್ಲ.

ಬಲ್ಹರಾ ತನ್ನ ಸೈನಿಕರಿಗೆ ಅರಬರಂತೆ ಕ್ರಮವಾಗಿ ವೇತನ ಕೊಡುತ್ತಾನೆ, ಅವನ ಬಳಿ ಆನೆಗಳೂ ಕುದುರೆಗಳೂ ಅಪಾರ, ಹಿಂದೂ ದೇಶದ ಇತರ ಅರಸರೆಲ್ಲ ಅವನ ಶ್ರೇಷ್ಠತೆಯನ್ನು ಒಪ್ಪುತ್ತಾರೆ ಎಂದು ಆ ವೃತ್ತಾಂತ ಹೇಳುತ್ತದೆ. ಈ ವಂಶದ ದೊರೆಗಳು ದೀರ್ಘಾಯುಗಳು, ಐವತ್ತು ವರ್ಷ ಆಳುವುದೂ ಉಂಟು, ಅರಬರ ಮೇಲೆ ಅವರಿಗಿರುವ ಪ್ರೀತಿಯೇ ಇದಕ್ಕೆ ಕಾರಣವೆಂದು ಅಲ್ಲಿಯ ಜನ ನಂಬಿದ್ದಾರೆ ಎಂದೂ ಹೇಳುತ್ತದೆ. ಅಮೋಘವರ್ಷನು ಅರವತ್ತು ವರ್ಷಗಳಿಗೂ ಮಿಕ್ಕಿ ಆಳಿದ್ದು ನಿಜ. ಆದರೆ ಅದರ ಕಾರಣ ನಮ್ಮ ತಾಮ್ರಶಾಸನಗಳಲ್ಲಿದೆ. ಮುಮ್ಮಡಿ ಗೋವಿಂದನು ತೀರಿಕೊಂಡ 814ರಲ್ಲಿ ಪಟ್ಟಕ್ಕೆ ಬಂದವನು ಹದಿಹರೆಯದ ಬಾಲಕ. ಸಾಮಂತರು ಎದ್ದರು, ಗಂಗರೂ ವೆಂಗಿಯ ಚಾಲುಕ್ಯರೂ ಸಮಯ ಕಾದರು, ಬಾಲಕನ ಪಟ್ಟ ತಪ್ಪಿತು. ಗುಜರಾತಿನ ದಾಯಾದಿ ಕರ್ಕ ಸುವರ್ಣವರ್ಷನು ಬೆಂಬಲಕ್ಕೆ ನಿಂತು 821ರ ಹೊತ್ತಿಗೆ ಅವನನ್ನು ಮತ್ತೆ ಸಿಂಹಾಸನದ ಮೇಲೆ ಕೂರಿಸದಿದ್ದರೆ, ಕವಿರಾಜಮಾರ್ಗವೂ ಇಲ್ಲ, ನಾಲ್ಕನೆಯ ಮಹಾರಾಜನೂ ಇಲ್ಲ. ಅನಂತರ ಗಂಗರೊಡನೆ ದಶಕಗಳ ಯುದ್ಧ, ಕೊನೆಗೆ ಮಗಳು ಚಂದ್ರೊಬ್ಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು ಮಾಡಿಕೊಂಡ ಸಂಧಿ. ಪ್ರಜೆಗಳಿಗೆ ಒದಗಿದ ವಿಪತ್ತನ್ನು ನೀಗಲು ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಅರ್ಪಿಸಿದನೆಂದು ಸಂಜಾನ್ ಶಾಸನ ಹೇಳುವ ಆ ಘೋರ ಭಕ್ತಿ. ಇವೆಲ್ಲವೂ ಹಡಗುಕಟ್ಟೆಯಲ್ಲಿ ಕುಳಿತ ವರ್ತಕನ ಕಿವಿಗೆ ಬಿದ್ದಿರಲಾರವು. ಅವನಿಗೆ ಬೇಕಾಗಿದ್ದುದು ಒಂದೇ ಪ್ರಶ್ನೆಗೆ ಉತ್ತರ: ಈ ದೊರೆ ನಮ್ಮವರಿಗೆ ಹಿತವನೋ, ಅಲ್ಲವೋ? ಹಿತವನೆಂದು ಕಂಡಿತು, ಬರೆದ.

ಅವನನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹೊರಗಿನವನ ಸಾಕ್ಷ್ಯವಿಲ್ಲದಿದ್ದರೆ ನಮ್ಮ ವೈಭವದ ಎಷ್ಟೋ ಪಾಲು ನಮಗೇ ತಿಳಿಯುತ್ತಿರಲಿಲ್ಲ. ಮಾನ್ಯಖೇಟದ ಪತನದ ಕಾಲಕ್ಕೆ ಒಂದು ಗಟ್ಟಿ ಆಧಾರ ದೊರೆಯುವುದೂ ಶತ್ರುದೇಶದಿಂದಲೇ. ಪರಮಾರ ಸೀಯಕನು 972ರಲ್ಲಿ ನಗರವನ್ನು ಸುಲಿದಾಗ, ಮಾಳವದ ಧಾರಾನಗರಿಯಲ್ಲಿ ಧನಪಾಲನೆಂಬ ಪಂಡಿತ ತನ್ನ ತಂಗಿ ಸುಂದರಿಗಾಗಿ ಒಂದು ಪ್ರಾಕೃತ ನಿಘಂಟನ್ನು ರಚಿಸುತ್ತಿದ್ದ. ಗ್ರಂಥ ಮುಗಿದ ಕಾಲವನ್ನು ನಮೂದಿಸುವಾಗ, ಮಾಳವದ ಒಡೆಯನ ದಾಳಿಯಿಂದ ಮಾನ್ಯಖೇಟ ಲೂಟಿಯಾದ ವರ್ಷವೆಂದು ಬರೆದುಬಿಟ್ಟ. ಎರಡು ಶತಮಾನಗಳ ಸಾಮ್ರಾಜ್ಯದ ಮರಣವಾರ್ತೆ ಒಬ್ಬ ಅಣ್ಣ ತಂಗಿಗೆ ಮಾಡಿಕೊಟ್ಟ ಶಬ್ದಕೋಶದ ಅಂಚಿನಲ್ಲಿ ಉಳಿದುಕೊಂಡಿತು. ಮರುವರ್ಷವೇ ಚಾಲುಕ್ಯ ತೈಲಪನು ಎದ್ದ. ಲಕ್ಷ್ಮಿ ಮಾನ್ಯಖೇಟವನ್ನು ಬಿಟ್ಟು ಮುಂದೆ ಕಲ್ಯಾಣವನ್ನು ಸೇರಿದಳು.

ಮುಂದಿನ ಶತಮಾನಗಳ ಏಳುಬೀಳುಗಳನ್ನು ಇಲ್ಲಿ ಬೇಗನೆ ದಾಟುತ್ತೇನೆ. ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ಸೇವುಣರು, 1347ರಲ್ಲಿ ರಾಜ್ಯ ಕಟ್ಟಿ ಕಲಬುರ್ಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿಗಳು. ಇವರೆಲ್ಲರ ಕುದುರೆಗಳೂ ಚಿಂಚೋಳಿಯ ಕಾಡಂಚಿನಲ್ಲಿ, ಭೀಮಾ ಕಾಗಿಣಾಗಳ ಕಪ್ಪುನೆಲದಲ್ಲಿ ಹೆಜ್ಜೆಯಿಟ್ಟವು. ಆದರೆ ಒಬ್ಬ ಪರದೇಶಿಯನ್ನು ಮಾತ್ರ ಮರೆಯುವಂತಿಲ್ಲ. 1470ರ ದಶಕದ ಆರಂಭದಲ್ಲಿ ಬಹಮನಿಗಳ ಬೀದರಿನಲ್ಲಿ ಓಡಾಡಿದ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಸುಲ್ತಾನನ ಸವಾರಿಯ ಆನೆಗಳನ್ನೂ ಬಂಗಾರದ ಪಲ್ಲಕ್ಕಿಗಳನ್ನೂ ವರ್ಣಿಸಿದ್ದಾನೆ. ಜೊತೆಗೇ ಅಮೀರರು ಅತಿ ಶ್ರೀಮಂತರು, ಹಳ್ಳಿಯ ಜನ ಅತಿ ದರಿದ್ರರು ಎಂದೂ ಬರೆದಿದ್ದಾನೆ. ಸರಕು ಕಳೆದುಕೊಂಡು ಬಂದಿದ್ದ ಆ ಬಡ ವರ್ತಕನ ಕಣ್ಣಿಗೆ ಸಿಂಹಾಸನದ ಜೊತೆಗೆ ಹೊಲವೂ ಕಂಡಿತು. ಇಂಥವರು ವಿರಳ.

ಹೈದರಾಬಾದಿನ ನಿಜಾಮರ ಕಾಲಕ್ಕೆ ಬಂದರೆ ನೋಟದ ಸಾಧನಗಳೇ ಬದಲಾದವು. ಮುಂಬಯಿ ಮದರಾಸುಗಳನ್ನು ಕೂಡಿಸುವ ರೈಲುಮಾರ್ಗ 1871ರಲ್ಲಿ ಶಹಾಬಾದ್ ವಾಡಿಗಳ ಮೇಲೆ ಹಾದುಹೋಯಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಕವಲೊಡೆಯಿತು. ಅಂದಿನಿಂದ ಬ್ರಿಟಿಷ್ ಇಂಡಿಯಾದ ಕಡೆಯಿಂದ ರೈಲಿನಲ್ಲಿ ನಿಜಾಮರ ರಾಜಧಾನಿಗೆ ಬಂದ ಅಧಿಕಾರಿ, ವಕೀಲ, ಪತ್ರಕರ್ತರಲ್ಲಿ ಎಷ್ಟೋ ಮಂದಿ ವಾಡಿಯ ಪ್ಲಾಟ್‌ಫಾರ್ಮಿನ ಮೇಲೆ ಕಾಲಿಟ್ಟೇ ಹೋದರು. ಆ ದಾರಿಯಲ್ಲಿ ಅವರಿಗೆ ಕಂಡದ್ದು ಶಹಾಬಾದ್ ಫರಸಿಯ ಗಣಿಗಳು, ಹಾಳೆಹಾಳೆಯಾಗಿ ಎಬ್ಬಿಸಿದ ಹಾಸುಗಲ್ಲುಗಳ ರಾಶಿ, ಅದೇ ಕಲ್ಲನ್ನು ಗೋಡೆಗೂ ಮಾಳಿಗೆಗೂ ನೆಲಕ್ಕೂ ಹೊಂದಿಸಿದ ತಗ್ಗು ಮನೆಗಳು. ಬರೆದದ್ದು ಮಾತ್ರ ವಜ್ರಗಳ ವಿಷಯ. 1937ರ ಫೆಬ್ರುವರಿ 22ರ ಸಂಚಿಕೆಯಲ್ಲಿ ಅಮೆರಿಕದ ಟೈಮ್ ವಾರಪತ್ರಿಕೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಚಿತ್ರವನ್ನು ಮುಖಪುಟದಲ್ಲಿ ಮುದ್ರಿಸಿ, ಜಗತ್ತಿನ ಅತ್ಯಂತ ಧನಿಕನೆಂದು ಸಾರಿತು. ಜಾಕೋಬ್ ವಜ್ರವನ್ನು ಅವರು ಕಾಗದ ಹಾರದಂತೆ ಮೇಲಿಡುವ ಭಾರವಾಗಿ ಬಳಸುತ್ತಿದ್ದರೆಂಬ ಕಥೆ ದೇಶದೇಶಗಳ ಓದುಗರನ್ನು ಮೋಹಗೊಳಿಸಿತು. ಆ ವಜ್ರದ ಒಡೆಯನ ರಾಜ್ಯದಲ್ಲಿ ಚಿತ್ತಾಪುರದ ರೈತ ಯಾವ ಭಾಷೆಯಲ್ಲಿ ಅರ್ಜಿ ಬರೆಸಬೇಕಾಗಿತ್ತು, ಕನ್ನಡದ ಮಗು ಯಾವ ಭಾಷೆಯಲ್ಲಿ ಶಾಲೆ ಕಲಿಯಬೇಕಾಗಿತ್ತು ಎಂಬುದು ಮುಖಪುಟದ ಸಂಗತಿಯಾಗಲಿಲ್ಲ.

1948ರಲ್ಲಿ ಹೊರಗಿನವರ ನೋಟದ ಇದೇ ದೋಷ ಅಪಾಯದ ಅಂಚಿಗೆ ಬಂತು. ಭಾರತ ಸ್ವತಂತ್ರವಾಗಿ ವರ್ಷ ತುಂಬಿದರೂ ನಿಜಾಮರು ವಿಲೀನಕ್ಕೆ ಒಪ್ಪಲಿಲ್ಲ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವಿನ್‌ಸ್ಟನ್ ಚರ್ಚಿಲ್ ನಿಜಾಮರ ಪರವಾಗಿ ಗುಡುಗಿದರು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವಿಮಾನಿ ರಾತ್ರಿ ವೇಳೆ ಆಯುಧಗಳನ್ನು ಹೈದರಾಬಾದಿಗೆ ಸಾಗಿಸಿದ್ದು ಸಾಹಸಕಥೆಯಾಗಿ ಹರಡಿತು. ಸೆಪ್ಟೆಂಬರ್ 16ರಂದು, ಭಾರತದ ಸೈನ್ಯ ಒಳನುಗ್ಗಿದ ನಾಲ್ಕನೆಯ ದಿನ, ಪ್ಯಾರಿಸಿನಲ್ಲಿ ಕೂಡಿದ್ದ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೈದರಾಬಾದಿನ ದೂರನ್ನು ಕೈಗೆತ್ತಿಕೊಂಡಿತು. ಮರುದಿನ ನಿಜಾಮರು ಶರಣಾದರು. ಒಬ್ಬ ವೃದ್ಧ ರಾಜ ಮತ್ತು ಒಂದು ಹೊಸ ರಾಷ್ಟ್ರದ ನಡುವಣ ಕಾನೂನಿನ ವ್ಯಾಜ್ಯವೆಂಬಂತೆ ಹೊರಗಿನವರು ಕಂಡ ಆ ತಿಂಗಳುಗಳಲ್ಲಿ, ಒಳಗೆ ನಡೆದದ್ದೇನು? ವಿಲೀನದ ಪರವಾಗಿ ಬರೆದ ತಪ್ಪಿಗೆ ಇಮ್ರೋಜ್ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಲೆಯಾದರು. ನಿಜಾಮರ ಪರವಾಗಿ ಆಯುಧ ಹಿಡಿದಿದ್ದ ರಜಾಕಾರರ ಹಾವಳಿಗೆ ಹೆದರಿ ಗಡಿಯಾಚೆ ಶಿಬಿರಗಳಲ್ಲಿ ಆಶ್ರಯ ಪಡೆದವರು ಅಸಂಖ್ಯ. ಸೈನ್ಯ ಬಂದ ಮೇಲೆ ಪ್ರತೀಕಾರದ ಖಡ್ಗ ಮುಸ್ಲಿಮರ ಮೇಲೆ ತಿರುಗಿತು. ಆ ಹಿಂಸೆಗೆ ಹೆಚ್ಚು ತುತ್ತಾದ ಜಿಲ್ಲೆಗಳಲ್ಲಿ ಕಲಬುರ್ಗಿಯೂ ಒಂದೆಂದು ಸುಂದರಲಾಲ್ ಸಮಿತಿ ಬರೆದ ವರದಿ ಅನೇಕ ದಶಕಗಳವರೆಗೆ ಕಪಾಟಿನಿಂದ ಹೊರಬರಲಿಲ್ಲ. ಪೂರ್ವಜರ ಪರಾಕ್ರಮವನ್ನು ಹೇಳಿಕೊಳ್ಳುವ ನಾವು ಪೂರ್ವಜರ ಈ ಪಾಪವನ್ನೂ ನಮ್ಮದೆಂದೇ ಒಪ್ಪಿಕೊಳ್ಳಬೇಕು.

1956ರ ನವೆಂಬರ್ 1ರಂದು ಸೇಡಂ, ಚಿತ್ತಾಪುರ, ಚಿಂಚೋಳಿಗಳು ಏಕೀಕೃತ ಮೈಸೂರು ರಾಜ್ಯದ ಮಡಿಲಿಗೆ ಬಂದವು. ಆ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಅವರ ನೆರಳಿನಲ್ಲಿ ಬೆಳೆದ ಇಬ್ಬರು ತರುಣರನ್ನು ಜನ ಲವಕುಶರೆಂದು ಕರೆದರು: ಒಬ್ಬರು ಉತ್ತರ ಕನ್ನಡದ ರಾಮಕೃಷ್ಣ ಹೆಗಡೆ, ಇನ್ನೊಬ್ಬರು ಚಿಂಚೋಳಿಯ ವೀರೇಂದ್ರ ಪಾಟೀಲ. 1968ರ ಮೇ ತಿಂಗಳಲ್ಲಿ, ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷ ಪದವಿಗೆ ಏರಿದ್ದ ನಿಜಲಿಂಗಪ್ಪನವರು ಮುಖ್ಯಮಂತ್ರಿ ಸ್ಥಾನ ಬಿಟ್ಟುಕೊಟ್ಟಾಗ, ಚಿಂಚೋಳಿಯ ಮಗ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ನಿಜಾಮರ ಪ್ರಜೆಯಾಗಿ ಹುಟ್ಟಿದವನು ನಾಲ್ವಡಿ ಕೃಷ್ಣರಾಜರ ನಾಡಿನ ಆಡಳಿತಸೂತ್ರ ಹಿಡಿದದ್ದು ಅಲ್ಪ ಸಂಗತಿಯಲ್ಲ. ಅದೇ 1968ರಲ್ಲಿ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಹೊಗೆಯಾಡತೊಡಗಿತ್ತು. ಹಿಂದುಳಿದ ಮೂಲೆಯೆಂದು ಕರೆಸಿಕೊಂಡಿದ್ದ ಈ ಸೀಮೆಗೆ ಗ್ರಹಗತಿ ಬದಲಾಯಿತೆಂದು ತೋರಿದ ಕಾಲ ಅದು.

ಆಗ ದೆಹಲಿಯಲ್ಲಿ ವಿಧಿ ಬೇರೊಂದು ಆಟ ಹೂಡಿತು. ಹೈದರಾಬಾದಿನಲ್ಲಿ ಜನಿಸಿದ ಡಾ. ಜಾಕಿರ್ ಹುಸೇನರು 1967ರಲ್ಲಿ ರಾಷ್ಟ್ರಪತಿಯಾಗಿದ್ದರು. ಅದೇ ವರ್ಷದ ಆರಂಭದಲ್ಲಿ ಲಂಡನ್ನಿನ ದಿ ಟೈಮ್ಸ್ ಪತ್ರಿಕೆಯ ಬಾತ್ಮೀದಾರ ನೆವಿಲ್ ಮ್ಯಾಕ್ಸ್‌ವೆಲ್, ಭಾರತದ ಪ್ರಜಾಪ್ರಭುತ್ವ ಕುಸಿಯುತ್ತಿದೆ, ನಾಲ್ಕನೆಯ ಮಹಾಚುನಾವಣೆಯೇ ಕಡೆಯದಾದೀತು ಎಂದು ಲೇಖನಮಾಲೆ ಬರೆದು ಭವಿಷ್ಯ ನುಡಿದಿದ್ದರು. ಆ ಭವಿಷ್ಯವಾಣಿಯ ಶಾಯಿ ಒಣಗುವ ಮೊದಲೇ ಮತದಾನ ನಡೆದು, ಎಂಟು ರಾಜ್ಯಗಳಲ್ಲಿ ಕಾಂಗ್ರೆಸ್ ಬಹುಮತ ಕಳೆದುಕೊಂಡು, ಆದರೂ ದೇಶ ಶಾಂತವಾಗಿ ಹೊಸ ರಾಷ್ಟ್ರಪತಿಯನ್ನು ಆರಿಸಿಕೊಂಡಿತು. 1969ರ ಮೇ 3ರಂದು ಜಾಕಿರ್ ಹುಸೇನರು ಅಧಿಕಾರದಲ್ಲಿರುವಾಗಲೇ ನಿಧನರಾದರು. ಹಂಗಾಮಿ ರಾಷ್ಟ್ರಪತಿಯಾದವರು ಉಪರಾಷ್ಟ್ರಪತಿ ವಿ.ವಿ. ಗಿರಿ. 1965ರಿಂದ 1967ರವರೆಗೆ ಮೈಸೂರಿನ ರಾಜ್ಯಪಾಲರಾಗಿದ್ದ ಅವರು ನಮ್ಮವರಿಗೆ ಅಪರಿಚಿತರಲ್ಲ.

ಮುಂದಿನ ಅಂಕಕ್ಕೆ ರಂಗಸ್ಥಳವಾದದ್ದು ಬೆಂಗಳೂರು. ಜುಲೈ ಎರಡನೆಯ ವಾರ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಕೂಡಿತು. ಆತಿಥೇಯರು ವೀರೇಂದ್ರ ಪಾಟೀಲ. ಅಧ್ಯಕ್ಷ ಪೀಠದಲ್ಲಿ ನಿಜಲಿಂಗಪ್ಪ. ಪುಷ್ಪಪ್ರದರ್ಶನಕ್ಕೆಂದು ಕಟ್ಟಿದ ಆ ಗಾಜಿನ ಮಂಟಪದ ಕೆಳಗೆ ದೇಶದ ಅತ್ಯಂತ ಹಳೆಯ ಪಕ್ಷ ಸೀಳಿತು. ಜುಲೈ 12ರಂದು ಸಂಸದೀಯ ಮಂಡಳಿಯಲ್ಲಿ ಇಂದಿರಾ ಗಾಂಧಿಯವರು ರಾಷ್ಟ್ರಪತಿ ಸ್ಥಾನಕ್ಕೆ ಜಗಜೀವನ ರಾಮರ ಹೆಸರು ಮುಂದಿಟ್ಟರು. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷದಲ್ಲಿ ಹರಿಜನ ನಾಯಕನೊಬ್ಬ ಆ ಪೀಠವೇರುವುದು ಉಚಿತವೆಂಬುದು ಅವರ ವಾದ. ಕಾಮರಾಜ್, ಎಸ್.ಕೆ. ಪಾಟೀಲ್, ಮೊರಾರ್ಜಿ ದೇಸಾಯಿ, ಯಶವಂತರಾವ್ ಚವಾಣ್ ಒಟ್ಟಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು. ಪ್ರಧಾನಿ ಸೋತರು. ಮರುದಿನವೇ ಗಿರಿಯವರು ಸ್ವತಂತ್ರವಾಗಿ ಕಣಕ್ಕಿಳಿಯುವುದಾಗಿ ಘೋಷಿಸಿದರು. ಜುಲೈ 16ರಂದು ಮೊರಾರ್ಜಿಯವರ ಕೈಯಿಂದ ಹಣಕಾಸು ಖಾತೆ ಜಾರಿತು. 19ರಂದು ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಿಸುವ ಸುಗ್ರೀವಾಜ್ಞೆಗೆ ಗಿರಿ ಸಹಿ ಹಾಕಿದರು. 20ರಂದು ಪದತ್ಯಾಗ ಮಾಡಿದರು. ಉಪರಾಷ್ಟ್ರಪತಿಯೂ ಇಲ್ಲದೆ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ರಾಷ್ಟ್ರಪತಿಯ ಕಾರ್ಯಭಾರ ಹೊತ್ತರು.

ಪರದೇಶದ ಪತ್ರಿಕೆಗಳು ಆ ದಿನ ಆಕಾಶ ನೋಡುತ್ತಿದ್ದವು. ಅದೇ ಜುಲೈ 20ರಂದು ಅಮೆರಿಕದ ಗಗನಯಾತ್ರಿಗಳು ಚಂದ್ರನ ಮೇಲೆ ಇಳಿದಿದ್ದರು. ಆ ವಿಜಯದ ಪ್ರಭೆಯಲ್ಲೇ ಅಧ್ಯಕ್ಷ ರಿಚರ್ಡ್ ನಿಕ್ಸನ್ ಜುಲೈ 31ರಂದು ದೆಹಲಿಗೆ ಬಂದರು. ಸಂಗಡ ಬಂದ ಪತ್ರಕರ್ತರಿಗೆ ರಾಷ್ಟ್ರಪತಿ ಭವನದಲ್ಲಿ ಕಂಡವರು ಕೆಲವೇ ವಾರಗಳ ಮಟ್ಟಿಗೆ ಆ ಪೀಠದಲ್ಲಿದ್ದ ನ್ಯಾಯಾಧೀಶರು. ಲಂಡನ್, ನ್ಯೂಯಾರ್ಕುಗಳಿಗೆ ಹೋದ ವರದಿಗಳಲ್ಲಿ ಈ ಚುನಾವಣೆ ಎಡಪಂಥ ಬಲಪಂಥಗಳ ಕಾಳಗವಾಯಿತು. ಇಂದಿರೆಯ ಹಿಂದೆ ಸಮಾಜವಾದ, ಅದರಾಚೆ ಮಾಸ್ಕೋ. ಎದುರಿಗೆ ಸಿಂಡಿಕೇಟ್ ಎನಿಸಿಕೊಂಡ ಹಳೆಯ ಮುಖಂಡರು. ಶೀತಲ ಸಮರದ ಆ ಕಾಲದಲ್ಲಿ ಅವರಿಗೆ ಕಾಡಿದ ಪ್ರಶ್ನೆ, ಸುಲೈಮಾನನನ್ನು ಕಾಡಿದ ಪ್ರಶ್ನೆಯೇ: ಇವರಲ್ಲಿ ಯಾರು ನಮಗೆ ಹಿತವರು? (ನಾವೂ ಇದಕ್ಕೆ ಹೊರತಲ್ಲ. ಅಮೆರಿಕದ ಚುನಾವಣೆ ಬಂದಾಗ ಕಮಲಾ ಹ್ಯಾರಿಸರ ತಾತನ ಊರು ತುಳಸೇಂದ್ರಪುರದಲ್ಲಿ ನಡೆದ ಪೂಜೆಯ ಚಿತ್ರ ನಮ್ಮ ಪತ್ರಿಕೆಗಳಲ್ಲಿ ರಾರಾಜಿಸಿತು. ಪೆನ್ಸಿಲ್ವೇನಿಯದ ಕಾರ್ಮಿಕನ ಮನಸ್ಸಿನಲ್ಲೇನಿದೆಯೆಂದು ಕೇಳಿದವರು ಕಡಮೆ.)

ಎಡಬಲದ ಮಾತಿನಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧ ನಿಜಲಿಂಗಪ್ಪನವರ ಒಂದು ನಡೆಯಲ್ಲಿತ್ತು. ನಮ್ಮ ರಾಷ್ಟ್ರಪತಿಯನ್ನು ಜನ ನೇರವಾಗಿ ಆರಿಸುವುದಿಲ್ಲ. ಸಂಸದರೂ ಶಾಸಕರೂ ಪ್ರಾಶಸ್ತ್ಯದ ಕ್ರಮದಲ್ಲಿ ಮತ ಹಾಕುತ್ತಾರೆ. ಸಂಸದನ ಮತಕ್ಕೆ ಆಗ 576ರ ಮೌಲ್ಯ. ಶಾಸಕನ ಮತದ ಮೌಲ್ಯ ಅವನ ರಾಜ್ಯದ ಜನಸಂಖ್ಯೆಯಂತೆ. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಎರಡನೆಯ ಪ್ರಾಶಸ್ತ್ಯವೇ ನಿರ್ಣಾಯಕ. ಜನಸಂಘವೂ ಸ್ವತಂತ್ರ ಪಕ್ಷವೂ ಸಿ.ಡಿ. ದೇಶಮುಖರನ್ನು ನಿಲ್ಲಿಸಿದ್ದವು, ಅವರ ಎರಡನೆಯ ಮತಗಳು ರೆಡ್ಡಿಯವರಿಗೆ ಬರಲೆಂದು ನಿಜಲಿಂಗಪ್ಪನವರು ಆ ಪಕ್ಷಗಳ ನಾಯಕರೊಡನೆ ಮಾತನಾಡಿದರು. ಗಣಿತದ ದೃಷ್ಟಿಯಿಂದ ಅದು ಸರಿಯಾದ ಲೆಕ್ಕ. ರಾಜಕಾರಣದ ದೃಷ್ಟಿಯಿಂದ ಶತ್ರುವಿನ ಕೈಗೆ ಕೊಟ್ಟ ಖಡ್ಗ. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸ್ವತಃ ಸಹಿ ಮಾಡಿದ್ದ ಇಂದಿರಾ ಗಾಂಧಿ, ಆ ಮಾತುಕತೆಯನ್ನೇ ಮುಂದೆ ಮಾಡಿ, ಆತ್ಮಸಾಕ್ಷಿಯಂತೆ ಮತ ಹಾಕುವ ಸ್ವಾತಂತ್ರ್ಯ ಬೇಕೆಂದರು. ಏಕೀಕರಣದ ಕಾಲದಲ್ಲಿ ಎಷ್ಟೋ ಬಣಗಳನ್ನು ಒಂದುಗೂಡಿಸಿದ ಚಾಣಾಕ್ಷ, ಇಲ್ಲಿ ಏಕೆ ಎಡವಿದರು? ಮಾತುಕೊಟ್ಟವರು ಮಾತಿಗೆ ನಿಲ್ಲುತ್ತಾರೆಂಬ ಹಳೆಯ ತಲೆಮಾರಿನ ವಿಶ್ವಾಸವೇ ಅವರನ್ನು ಕೆಡಿಸಿತೆಂದು ನನ್ನ ಎಣಿಕೆ.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಹದಿನೈದು ಮಂದಿ ಅಭ್ಯರ್ಥಿಗಳು. ಮೊದಲ ಸುತ್ತಿನಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲುವಿಗೆ ಬೇಕಾದದ್ದು 4,18,169. ಯಾರೂ ಮುಟ್ಟಲಿಲ್ಲ. ಒಬ್ಬೊಬ್ಬ ಚಿಲ್ಲರೆ ಅಭ್ಯರ್ಥಿಯನ್ನೂ ಕೈಬಿಡುತ್ತ, ಅವರ ಮತಪತ್ರಗಳ ಎರಡನೆಯ ಗುರುತನ್ನು ನೋಡಿ ಹಂಚುತ್ತ ಹೋದರು. ಕೊನೆಗೆ ದೇಶಮುಖರ ಕಟ್ಟು ಬಿಚ್ಚಿದಾಗ ರೆಡ್ಡಿಯವರ ರಾಶಿ ಸರಸರನೆ ಏರಿತು; ನಿಜಲಿಂಗಪ್ಪನವರ ಲೆಕ್ಕ ತಪ್ಪಿರಲಿಲ್ಲ, ಆ ಮತಗಳಲ್ಲಿ ಬಹುಪಾಲು ಅವರೆಣಿಸಿದ ಕಡೆಗೇ ಬಂದವು. ಆದರೂ ಗಿರಿ 4,20,077, ರೆಡ್ಡಿ 4,05,427. ಭಾರತದ ರಾಷ್ಟ್ರಪತಿ ಚುನಾವಣೆಯ ಚರಿತ್ರೆಯಲ್ಲಿ ಎರಡನೆಯ ಪ್ರಾಶಸ್ತ್ಯದವರೆಗೆ ಹೋಗಿ ನಿರ್ಣಯವಾದದ್ದು ಇದೊಂದೇ. ನವೆಂಬರ್ 12ರಂದು ನಿಜಲಿಂಗಪ್ಪನವರು ದೇಶದ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು. ಕಾಂಗ್ರೆಸ್ ಎರಡಾಯಿತು.

ವೀರೇಂದ್ರ ಪಾಟೀಲರಿಗೆ ಪಕ್ಷ ಬದಲಿಸಿ ಕುರ್ಚಿ ಉಳಿಸಿಕೊಳ್ಳುವ ದಾರಿ ತೆರೆದಿತ್ತು. ಅನೇಕ ರಾಜ್ಯಗಳ ಮುಖ್ಯಮಂತ್ರಿಗಳು ಅದನ್ನೇ ಹಿಡಿದರು. ಪಾಟೀಲರು ಗುರುವಿನ ಜೊತೆ ಉಳಿದರು. ಮೈಸೂರು ಮತ್ತು ಗುಜರಾತ್, ಈ ಎರಡು ಸರ್ಕಾರಗಳು ನಿಜಲಿಂಗಪ್ಪನವರ ಬಣವಾದ ಸಂಸ್ಥಾ ಕಾಂಗ್ರೆಸ್ಸಿನ ಕೈಯಲ್ಲಿ ನಿಂತವು. 1971ರ ಮಾರ್ಚಿನ ಲೋಕಸಭಾ ಚುನಾವಣೆಯ ಪ್ರವಾಹದಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಪಾಟೀಲರ ಸರ್ಕಾರ ಉರುಳಿತು. ಮಾರ್ಚ್ 27ರಂದು ಮೈಸೂರಿನಲ್ಲಿ ರಾಷ್ಟ್ರಪತಿ ಆಡಳಿತ ಜಾರಿಯಾಯಿತು. ಆಗಿನ ರಾಷ್ಟ್ರಪತಿ, ಒಮ್ಮೆ ಬೆಂಗಳೂರಿನ ರಾಜಭವನದಲ್ಲಿ ವಾಸವಾಗಿದ್ದ ವಿ.ವಿ. ಗಿರಿ. ಗಾಜಿನ ಮನೆಯ ಜಗಳ ಯಾರನ್ನು ರಾಷ್ಟ್ರಪತಿ ಭವನಕ್ಕೆ ಕಳಿಸಿತೋ, ಅವರ ಸಹಿಯಿಂದಲೇ ಆತಿಥೇಯನ ಅಧ್ಯಾಯ ಮುಗಿಯಿತು.

ಪರದೇಶದ ವರದಿಗಾರರು ಹಿಡಿಯಲಾರದೆ ಹೋದ ಎಳೆಯೊಂದು ಇಲ್ಲಿದೆ. ಪಾಟೀಲರು ಬಿದ್ದ ಜಾಗದಲ್ಲಿ 1972ರಲ್ಲಿ ದೇವರಾಜ ಅರಸು ಎದ್ದರು. ಪ್ರಬಲ ಜಾತಿಗಳ ಹಿಡಿತದಿಂದ ಅಧಿಕಾರ ಹಿಂದುಳಿದವರ ಕಡೆಗೆ ಸರಿಯಿತು. ಭೂಸುಧಾರಣಾ ಕಾನೂನಿನ ತಿದ್ದುಪಡಿ ಬಂದು 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ರಾಷ್ಟ್ರಪತಿ ಭವನಕ್ಕೆ ಯಾರು ಹೋಗಬೇಕೆಂಬ ಜಗಳ, ಕಾಗಿಣಾ ತೀರದಲ್ಲಿ ತೊಗರಿ ಬೆಳೆಯುವ ಗೇಣಿದಾರ ಭೂನ್ಯಾಯಮಂಡಳಿಯ ಮುಂದೆ ಅರ್ಜಿ ಹಿಡಿದು ನಿಲ್ಲುವವರೆಗೆ ಹರಿದುಬಂತು. ಅವನಿಗೆ ಗಿರಿಯೂ ರೆಡ್ಡಿಯೂ ಒಂದೇ. ಹೊಲದ ಪಹಣಿಯಲ್ಲಿ ಯಾರ ಹೆಸರಿದೆ ಎಂಬುದೇ ಅವನ ಚುನಾವಣೆ. ಚಿಂಚೋಳಿಯ ಪಾಟೀಲರ ದಕ್ಷತೆಯನ್ನೂ ಶುದ್ಧಹಸ್ತವನ್ನೂ ನಾನು ಮೆಚ್ಚುವವನು. ಆದರೆ ಅವರ ಪತನದಿಂದ ಅವರದೇ ತಾಲ್ಲೂಕಿನ ಉಳುವವನಿಗೆ ಬಾಗಿಲು ತೆರೆಯಿತೆಂಬುದನ್ನು ಮುಚ್ಚಿಡಲಾರೆ.

ಇನ್ನೊಮ್ಮೆ ಪರದೇಶದ ಪತ್ರಕರ್ತರು ಪಾಟೀಲರ ಹೆಸರು ಬರೆಯಬೇಕಾಯಿತು. ತುರ್ತುಪರಿಸ್ಥಿತಿಯ ನಂತರ ಸೋತಿದ್ದ ಇಂದಿರಾ ಗಾಂಧಿ 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಉಪಚುನಾವಣೆಗೆ ನಿಂತರು. ಜನತಾ ಪಕ್ಷದ ಎದುರಾಳಿ ವೀರೇಂದ್ರ ಪಾಟೀಲ. ಕಾಫಿತೋಟಗಳ ಮಲೆನಾಡಿಗೆ ಹೊರದೇಶದ ಕ್ಯಾಮೆರಾಗಳು ಬಂದವು. ಅವು ಬಂದದ್ದು ಒಬ್ಬರ ಪುನರಾಗಮನವನ್ನು ಕಾಣಲು. ಎದುರು ನಿಂತವನು ಹಿಂದೊಮ್ಮೆ ಈ ರಾಜ್ಯವನ್ನಾಳಿದವನು, ಇದೇ ಹೆಂಗಸಿನ ವಿರುದ್ಧ ಒಂಬತ್ತು ವರ್ಷಗಳ ಕೆಳಗೆ ಗುರುವಿನ ಪಕ್ಕ ನಿಂತು ಪಟ್ಟ ಕಳೆದುಕೊಂಡವನು ಎಂಬ ಹಿನ್ನೆಲೆ ಆ ಕಥೆಗೆ ಬೇಕಾಗಿರಲಿಲ್ಲ. ಸುಮಾರು 77,000 ಮತಗಳ ಅಂತರದಿಂದ ಪಾಟೀಲರು ಸೋತರು.

ಆ ಗಾಜಿನ ಮನೆಯ ಸಭೆಯಲ್ಲಿ ಎದುರುಬದುರಾದ ಎರಡು ಹೆಸರುಗಳನ್ನು ಕಾಲ ಸುಮ್ಮನೆ ಬಿಡಲಿಲ್ಲ. 1969ರಲ್ಲಿ ಸೋತ ಸಂಜೀವ ರೆಡ್ಡಿ 1977ರ ಜುಲೈಯಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಅಲ್ಲಿಯವರೆಗೆ ಹಂಗಾಮಿಯಾಗಿ ಆ ಪೀಠ ಕಾಯ್ದವರು ನಮ್ಮ ಜಮಖಂಡಿ ಸೀಮೆಯ ಸಾವಳಗಿಯ ಬಿ.ಡಿ. ಜತ್ತಿ. 1979ರ ಆಗಸ್ಟಿನಲ್ಲಿ ಚರಣ್ ಸಿಂಗ್ ರಾಜೀನಾಮೆ ಕೊಟ್ಟಾಗ ಪ್ರಧಾನಿ ಪದವಿಗೆ ಹಕ್ಕು ಮಂಡಿಸಿದವರು ಜಗಜೀವನ ರಾಮ್. ರೆಡ್ಡಿಯವರು ಅವರಿಗೆ ಅವಕಾಶ ಕೊಡದೆ 22ರಂದು ಲೋಕಸಭೆಯನ್ನು ವಿಸರ್ಜಿಸಿದರು. ಗಿರಿಯವರ ಗೆಲುವು ಘೋಷಣೆಯಾಗಿ ಆಗ ಹತ್ತು ವರ್ಷ, ಎರಡು ದಿನ. (ಜಗಜೀವನ ರಾಮರ ಬಳಿಕ ಕಾಂಗ್ರೆಸ್ ಅಧ್ಯಕ್ಷ ಪದವಿಗೆ ಬಂದ ದಲಿತ ನಾಯಕ, ನಿಜಲಿಂಗಪ್ಪನವರ ಬಳಿಕ ಆ ಪದವಿಗೇರಿದ ಕನ್ನಡಿಗ, ಚಿತ್ತಾಪುರದ ಮಾಜಿ ಶಾಸಕ ಮಲ್ಲಿಕಾರ್ಜುನ ಖರ್ಗೆ. 2022ರ ಅಕ್ಟೋಬರಿನಲ್ಲಿ ಅವರು 7,897 ಮತ ಪಡೆದು ಗೆದ್ದಾಗ ಪರದೇಶದ ಪತ್ರಿಕೆಗಳಿಗೆ ಮುಖ್ಯವಾಗಿ ಕಂಡದ್ದು, ಇಪ್ಪತ್ನಾಲ್ಕು ವರ್ಷಗಳಲ್ಲಿ ಗಾಂಧಿ ಕುಟುಂಬದ ಹೊರಗಿನ ಮೊದಲ ಅಧ್ಯಕ್ಷ ಎಂಬುದು.)

1980ರ ಜನವರಿ 14ರಂದು ಇಂದಿರಾ ಗಾಂಧಿ ಮತ್ತೆ ಪ್ರಧಾನಿಯಾದರು. ಪ್ರಮಾಣವಚನ ಬೋಧಿಸಿದವರು ಅವರೇ ಸೋಲಿಸಿದ್ದ ಸಂಜೀವ ರೆಡ್ಡಿ. ಚಿಕ್ಕಮಗಳೂರಿನಲ್ಲಿ ಸೋತ ವೀರೇಂದ್ರ ಪಾಟೀಲರು ಅಷ್ಟರಲ್ಲಿ ಇಂದಿರಾ ಕಾಂಗ್ರೆಸ್ ಸೇರಿ, ಬಾಗಲಕೋಟೆಯಿಂದ ಲೋಕಸಭೆಗೆ ಆರಿಸಿ ಬಂದಿದ್ದರು. ಅದೇ ವರ್ಷ ಅವರಿಗೆ ಕೇಂದ್ರ ಸಂಪುಟದಲ್ಲಿ ಸ್ಥಾನ ದೊರೆಯಿತು, ಪೆಟ್ರೋಲಿಯಂ ಖಾತೆ ಬಂತು. ರಾಷ್ಟ್ರಪತಿ ಭವನದಲ್ಲಿ ಇಂದಿರಾ ಸಂಪುಟದ ಸಚಿವರಾಗಿ ಅವರು ಪ್ರಮಾಣ ಸ್ವೀಕರಿಸಿದ್ದು ಯಾರಿಗಾಗಿ 1969ರಲ್ಲಿ ಇಂದಿರೆಯ ವಿರುದ್ಧ ಪಾಳಯ ಹಿಡಿದಿದ್ದರೋ ಆ ರೆಡ್ಡಿಯವರಿಂದಲೇ.